ಆರು ನಿಮಿಷದ ಮೊಟ್ಟೆ

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಮೊದಲು ಕೇಳುವ ಸದ್ದು, ಚಮಚದ ಬೆನ್ನಿನಿಂದ ಮೊಟ್ಟೆಯ ನೆತ್ತಿಗೆ ಕೊಡುವ ಮೂರು ನಾಲ್ಕು ಮೆಲುಪೆಟ್ಟುಗಳದು. ಪಿಂಗಾಣಿಯ ಪುಟ್ಟ ಎಗ್ ಕಪ್ಪಿನಲ್ಲಿ ನೆಟ್ಟಗೆ ನಿಂತ ಮೊಟ್ಟೆಯ ಮೇಲ್ಚಿಪ್ಪು ಸುತ್ತಲೂ ಸಣ್ಣಗೆ ಬಿರುಕು ಬಿಟ್ಟ ಮೇಲೆ, ಚಮಚದ ಅಂಚನ್ನು ಆ ಬಿರುಕಿಗೆ ಹೂಡಿ ಒತ್ತಿದರೆ ಬಿಳಿಯ ಭಾಗವನ್ನೂ ಸೇರಿಸಿಕೊಂಡು ಟೊಪ್ಪಿಯಂತೆ ಒಂದು ತುಂಡು ಕಳಚಿ ಬರುತ್ತದೆ. ಒಳಗೆ ಬಿಳಿಯ ಗೋಡೆ ಗಟ್ಟಿಯಾಗಿ ನಿಂತಿರುತ್ತದೆ. ಅದರ ನಡುವೆ ಹಳದಿ ಜೋನಿಬೆಲ್ಲದ ಹದದಲ್ಲಿ ಹೊಳೆಯುತ್ತಿರುತ್ತದೆ. ಚಿಟಿಕೆ ಉಪ್ಪು, ಆಗತಾನೇ ಪುಡಿ ಮಾಡಿದ ಕರಿಮೆಣಸು, ಬೆಣ್ಣೆ ಸವರಿದ ಟೋಸ್ಟಿನ ಒಂದು ಪಟ್ಟಿ. ಆ ಪಟ್ಟಿಯನ್ನು ಹಳದಿಯೊಳಗೆ ಅದ್ದಿದಾಗ ಅದು ಉಕ್ಕಿ ಚಿಪ್ಪಿನ ಮೇಲೆ ಒಂದು ಗೆರೆಯಾಗಿ ಇಳಿಯುತ್ತದೆ. ಇಂಗ್ಲೆಂಡಿನ ಯಾರ್ಕ್‌ಷೈರಿಗೆ ಬಂದು ಹನ್ನೊಂದು ವರ್ಷಗಳಾದವು. ಇಲ್ಲಿನ ಅಡುಗೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಯಾವುದು ಎಂದು ಕೇಳಿದವರಿಗೆ ನಾನು ತಡವರಿಸದೆ ಹೇಳುವುದು ಇದನ್ನೇ.

ಈ ತಿಂಡಿಯನ್ನು ಕನ್ನಡದಲ್ಲಿ ವಿವರಿಸಲು ಹೊರಟಾಗ ಮೊದಲು ಎದುರಾಗುವುದು ಹೆಸರಿನ ತೊಡಕು. ಅರ್ಧ ಬೆಂದ ಮೊಟ್ಟೆ ಎಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಹಾಫ್ ಬಾಯ್ಲ್. ಆದರೆ ನಮ್ಮ ಮಿಲಿಟರಿ ಹೋಟೆಲುಗಳಲ್ಲೂ ರಸ್ತೆ ಬದಿಯ ಗಾಡಿಗಳಲ್ಲೂ ಹಾಫ್ ಬಾಯ್ಲ್ ಎಂದರೆ ಕಾವಲಿಯ ಮೇಲೆ ಒಡೆದು ಹಾಕಿ, ಒಂದೇ ಮಗ್ಗುಲು ಬೇಯಿಸಿ, ಮೆಣಸಿನ ಪುಡಿ ಉದುರಿಸಿ ಕೊಡುವ ಮೊಟ್ಟೆ. ಹೆಸರಿನಲ್ಲಿ ಬಾಯ್ಲ್ ಇದ್ದರೂ ನೀರಿಗೂ ಅದಕ್ಕೂ ಸಂಬಂಧವಿಲ್ಲ. ನಾನು ಹೇಳುತ್ತಿರುವುದು ಚಿಪ್ಪಿನ ಸಮೇತ ಕುದಿಯುವ ನೀರಿನಲ್ಲಿ ಬೆಂದು, ಬಿಳಿ ಗಟ್ಟಿಯಾಗಿ, ಹಳದಿ ಮಾತ್ರ ಹರಿಯುವ ಸ್ಥಿತಿಯಲ್ಲಿ ಉಳಿದ ಮೊಟ್ಟೆಯನ್ನು.

ಇದನ್ನು ನಾನು ಮೊದಲು ತಿಂದದ್ದು ವಿಟ್ಬಿ ಎಂಬ ಕಡಲತೀರದ ಊರಿನಲ್ಲಿ. ರಾತ್ರಿ ತಂಗಲು ಕೋಣೆ, ಬೆಳಿಗ್ಗೆ ತಿಂಡಿ ಕೊಡುವ ಸಣ್ಣ ಮನೆಗಳನ್ನು ಇಲ್ಲಿ ಬಿ ಅಂಡ್ ಬಿ ಎನ್ನುತ್ತಾರೆ. ಅಂಥ ಒಂದು ಮನೆಯ ವಯಸ್ಸಾದ ಒಡತಿ ನಾನು ತಲುಪಿದ ಸಂಜೆಯೇ, ನಾಳೆ ನಿಮ್ಮ ಮೊಟ್ಟೆ ಎಷ್ಟು ನಿಮಿಷ ಬೇಯಬೇಕು ಎಂದು ಕೇಳಿದರು. ಮೊಟ್ಟೆಗೆ ನಿಮಿಷದ ಲೆಕ್ಕವಿದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮೊಟ್ಟೆಯನ್ನು ತಣ್ಣೀರಿನಲ್ಲಿ ಹಾಕಿ ಒಲೆಯ ಮೇಲಿಟ್ಟು, ಬೇರೆ ಕೆಲಸವೆಲ್ಲ ಮುಗಿದ ಮೇಲೆ ಇಳಿಸುವುದು ವಾಡಿಕೆಯಾಗಿತ್ತು. ನಾನು ಸುಮ್ಮನೆ ನಿಂತದ್ದನ್ನು ಕಂಡು ಅವರೇ, ಹಾಗಾದರೆ ಆರು, ಎಂದು ನಿರ್ಧರಿಸಿದರು. ಮರುದಿನ ತಟ್ಟೆ ತಂದಿಟ್ಟವರು ಮೇಜಿನಿಂದ ಕದಲಲಿಲ್ಲ. ಈಗಲೇ ಒಡೆಯಿರಿ, ಚಿಪ್ಪಿನೊಳಗೆ ಅದಿನ್ನೂ ಬೇಯುತ್ತಲೇ ಇದೆ, ಎಂದು ನಿಂತು ನೋಡಿದರು. ಅವರ ಆ ಕಾಳಜಿಯೇ ನನ್ನನ್ನು ಈ ತಿಂಡಿಯತ್ತ ಸೆಳೆದದ್ದು. ಕಾವಲಿಯಿಂದ ಎದ್ದ ದೋಸೆಯನ್ನು ಆರಲು ಬಿಡಬಾರದೆಂದು ತಾನು ನಿಂತೇ ಇದ್ದು ಎಲ್ಲರಿಗೂ ಬಡಿಸುವ ಅಮ್ಮನ ಮನಸ್ಸು ಅದರಲ್ಲಿ ನನಗೆ ಕಂಡಿತು.

ಆಮೇಲೆ ನಾನು ಈ ನಿಮಿಷಗಳ ಹಿಂದಿನ ಕಾರಣವನ್ನು ಹುಡುಕಿಕೊಂಡು ಹೋದೆ. ಮೊಟ್ಟೆಯ ಬಿಳಿ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಲು ಆರಂಭಿಸಿ, 80 ಡಿಗ್ರಿಯ ಹೊತ್ತಿಗೆ ಪೂರ್ತಿ ಗಟ್ಟಿಯಾಗುತ್ತದೆ. ಹಳದಿ 65ರ ಸುಮಾರಿಗೆ ದಪ್ಪಗಾಗತೊಡಗಿ 70ರಲ್ಲಿ ನಿಂತುಬಿಡುತ್ತದೆ. ಹಾಗಿದ್ದ ಮೇಲೆ ಹಳದಿಯೇ ಮೊದಲು ಗಟ್ಟಿಯಾಗಬೇಕಿತ್ತಲ್ಲ ಎಂದು ಯಾರಿಗಾದರೂ ಅನಿಸಬಹುದು. ಆದರೆ ಬಿಸಿ ಹೊರಗಿನಿಂದ ಒಳಗೆ ಸಾಗಲು ಹೊತ್ತು ಹಿಡಿಯುತ್ತದೆ. ಹೊರಗಿರುವ ಬಿಳಿ ತನ್ನ ಹದ ಮುಟ್ಟುವ ವೇಳೆಗೆ ನಡುವಿನ ಹಳದಿ ಇನ್ನೂ ತನ್ನ ಹದದ ಹೊಸಿಲಲ್ಲಿ ಇರುತ್ತದೆ. ನಮಗೆ ಬೇಕಾದ ಮೊಟ್ಟೆ ಸಿಗುವುದು ಈ ಸಣ್ಣ ಅಂತರದಲ್ಲಿ ಮಾತ್ರ. ಒಂದು ನಿಮಿಷ ಮೊದಲು ತೆಗೆದರೆ ಬಿಳಿ ಲೋಳೆಯಾಗಿರುತ್ತದೆ, ಒಂದೂವರೆ ನಿಮಿಷ ತಡವಾದರೆ ಟೋಸ್ಟು ಅದ್ದಲು ಏನೂ ಉಳಿದಿರುವುದಿಲ್ಲ.

ನಾನು ಮಾಡುವ ಕ್ರಮ ಹೀಗಿದೆ. ಮೊಟ್ಟೆ ಮುಳುಗಿ ಮೇಲೆ ಒಂದು ಬೆರಳಿನಷ್ಟು ನೀರು ನಿಲ್ಲುವಂಥ ಸಣ್ಣ ಪಾತ್ರೆ ಸಾಕು. ಅಗಲವಾದ ಪಾತ್ರೆಯಲ್ಲಿ ಮೊಟ್ಟೆಗಳು ಉರುಳಾಡಿ ಒಂದಕ್ಕೊಂದು ಬಡಿದು ಒಡೆಯುತ್ತವೆ. ನೀರು ಚೆನ್ನಾಗಿ ಕುದಿ ಬಂದ ಮೇಲೆ ಉರಿಯನ್ನು ತುಸು ತಗ್ಗಿಸಿ, ಮೊಟ್ಟೆಯನ್ನು ಚಮಚದಲ್ಲಿಟ್ಟು ಮೆಲ್ಲನೆ ಇಳಿಸುತ್ತೇನೆ. ಮೊಟ್ಟೆ ಫ್ರಿಜ್ಜಿನಿಂದ ನೇರವಾಗಿ ಬಂದಿರಬಾರದು. ಇಲ್ಲಿನ ಅಂಗಡಿಗಳಲ್ಲಿ ಮೊಟ್ಟೆಯನ್ನು ತಣ್ಣಗಿಟ್ಟು ಮಾರುವ ಪದ್ಧತಿಯಿಲ್ಲದ ಕಾರಣ ಆ ಚಿಂತೆ ಕಡಿಮೆ. ಸುಮಾರು 65 ಗ್ರಾಂ ತೂಗುವ, ಇಲ್ಲಿ ಲಾರ್ಜ್ ಎಂದು ಕರೆಯುವ ಮೊಟ್ಟೆಗೆ ಆರು ನಿಮಿಷ. ಅಗಲವಾದ ತುದಿಯಲ್ಲಿ ಚಿಪ್ಪಿನ ಕೆಳಗೆ ಗಾಳಿಯ ಚೀಲವಿರುತ್ತದೆ. ಅಲ್ಲಿ ಸೂಜಿಯಿಂದ ಒಂದು ತೂತು ಮಾಡಿದರೆ ಹಿಗ್ಗುವ ಗಾಳಿ ಹೊರಹೋಗಿ ಚಿಪ್ಪು ಬಿರಿಯುವ ಸಂಭವ ಕಡಿಮೆಯಾಗುತ್ತದೆ ಎನ್ನುತ್ತಾರೆ. ಬೆಂಗಳೂರಿನಲ್ಲಿ ಇದನ್ನು ಮಾಡುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಆ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಇರುವುದರಿಂದ ಅಲ್ಲಿ ನೀರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ, ಆದ್ದರಿಂದ ಅಷ್ಟೇ ದೊಡ್ಡ ಮೊಟ್ಟೆಗೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಅಂಗಡಿಯಲ್ಲಿ ಸಿಗುವ ನಮ್ಮ ಮೊಟ್ಟೆಗಳು ಸಾಮಾನ್ಯವಾಗಿ ಇಲ್ಲಿನವುಗಳಿಗಿಂತ ಚಿಕ್ಕವಾದ್ದರಿಂದ ಕೊನೆಗೆ ಲೆಕ್ಕ ಹೆಚ್ಚೂಕಡಿಮೆ ಸರಿಹೋಗುತ್ತದೆ.

ಟೋಸ್ಟಿನ ಪಟ್ಟಿಗಳನ್ನು ಇಲ್ಲಿ ಸೋಲ್ಜರ್ಸ್ ಎನ್ನುತ್ತಾರೆ. ತಟ್ಟೆಯಲ್ಲಿ ಒಂದರ ಪಕ್ಕ ಒಂದು ಜೋಡಿಸಿಟ್ಟಾಗ ಅವು ಸಾಲುಗಟ್ಟಿದ ಸಿಪಾಯಿಗಳಂತೆಯೇ ಕಾಣುತ್ತವೆ. ಬ್ರೆಡ್ಡು ಅಂದಿನದಕ್ಕಿಂತ ಹಿಂದಿನ ದಿನದ್ದಾದರೆ ಒಳ್ಳೆಯದು, ಏಕೆಂದರೆ ಪಟ್ಟಿ ಹಳದಿಯೊಳಗೆ ಬಾಗದೆ ನಿಲ್ಲಬೇಕು. ಎರಡೂ ಮಗ್ಗುಲು ಕೆಂಪಗಾದ ಕೂಡಲೇ, ಬಿಸಿ ಇರುವಾಗಲೇ, ಉಪ್ಪು ಬೆರೆತ ಬೆಣ್ಣೆಯನ್ನು ಅಂಚಿನವರೆಗೂ ಸವರಿ, ಚಿಪ್ಪಿನ ಬಾಯಿಗೆ ಹಿಡಿಸುವಂತೆ ಒಂದು ಬೆರಳಿನ ಅಗಲಕ್ಕೆ ಕತ್ತರಿಸಬೇಕು. ಬೆಣ್ಣೆ ಒಳಗೆ ಇಳಿದಿರಬೇಕು, ಮೇಲೆ ನಿಂತಿರಬಾರದು. ಚಮಚದ ವಿಷಯದಲ್ಲಿಯೂ ಹಳಬರು ಎಚ್ಚರಿಕೆಯಿಂದ ಇದ್ದರು: ಮೊಟ್ಟೆಯಲ್ಲಿರುವ ಗಂಧಕದ ಅಂಶ ಬೆಳ್ಳಿಯನ್ನು ಕಪ್ಪಾಗಿಸುವುದರಿಂದ, ಬೆಳ್ಳಿ ಚಮಚಗಳಿದ್ದ ಮನೆಗಳಲ್ಲಿ ಕೂಡ ಮೊಟ್ಟೆಗೆಂದೇ ಮೂಳೆಯ ಅಥವಾ ಕೊಂಬಿನ ಚಮಚಗಳನ್ನು ಇಟ್ಟುಕೊಳ್ಳುತ್ತಿದ್ದರು. ತಿಂದು ಮುಗಿದ ಮೇಲೆ ಖಾಲಿ ಚಿಪ್ಪನ್ನು ಬೋರಲು ಹಾಕಿ, ಇನ್ನೂ ಒಡೆಯದ ಮೊಟ್ಟೆಯೆಂದು ದೊಡ್ಡವರ ಮುಂದೆ ಇಡುವುದು ಇಲ್ಲಿನ ಮಕ್ಕಳ ಹಳೆಯ ಆಟ. ಚಿಪ್ಪಿನ ತಳಕ್ಕೆ ಚಮಚದಿಂದ ಕುಕ್ಕಿ ತೂತು ಮಾಡದಿದ್ದರೆ ಮಾಟಗಾತಿಯರು ಅದನ್ನು ದೋಣಿ ಮಾಡಿಕೊಂಡು ಕಡಲಿಗೆ ಇಳಿಯುತ್ತಾರೆ ಎಂಬ ನಂಬಿಕೆಯೂ ಒಂದಿದೆ. ನನ್ನ ಮಗಳು ಇವೆರಡನ್ನೂ ತಪ್ಪದೆ ಮಾಡುತ್ತಾಳೆ.

ಪೂರ್ತಿ ಬೇಯದ ಮೊಟ್ಟೆಯನ್ನು ಮಗುವಿಗೆ ಕೊಡಬಹುದೇ ಎಂಬ ಪ್ರಶ್ನೆ ನನ್ನನ್ನೂ ಕಾಡಿತ್ತು. 1988ರ ಡಿಸೆಂಬರ್‌ನಲ್ಲಿ ಆರೋಗ್ಯ ಇಲಾಖೆಯ ಕಿರಿಯ ಸಚಿವೆಯಾಗಿದ್ದ ಎಡ್ವಿನಾ ಕರಿ, ಈ ದೇಶದ ಮೊಟ್ಟೆ ಉತ್ಪಾದನೆಯ ಬಹುಭಾಗಕ್ಕೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ತಗುಲಿದೆ ಎಂಬರ್ಥದ ಮಾತನ್ನಾಡಿದಾಗ ಮೊಟ್ಟೆಯ ಮಾರಾಟವೇ ಕುಸಿಯಿತು. ಎರಡು ವಾರಗಳಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಮುಂದೆ 1998ರಿಂದ, ಸಾಲ್ಮೊನೆಲ್ಲಾ ವಿರುದ್ಧ ಲಸಿಕೆ ಹಾಕಿದ ಕೋಳಿಗಳ ಮೊಟ್ಟೆಗಳ ಮೇಲೆ ಕೆಂಪು ಸಿಂಹದ ಮುದ್ರೆ ಒತ್ತುವ ವ್ಯವಸ್ಥೆ ಬಂತು. 2017ರಲ್ಲಿ ಇಲ್ಲಿನ ಆಹಾರ ಗುಣಮಟ್ಟ ಸಂಸ್ಥೆಯು, ಆ ಮುದ್ರೆಯಿರುವ ಮೊಟ್ಟೆಗಳನ್ನು ಎಳೆಯ ಮಕ್ಕಳು, ಗರ್ಭಿಣಿಯರು ಮತ್ತು ವಯಸ್ಸಾದವರು ಸಹ ಹಳದಿ ಹರಿಯುವ ಸ್ಥಿತಿಯಲ್ಲಿ ತಿನ್ನಬಹುದು ಎಂದು ತನ್ನ ಸಲಹೆಯನ್ನು ಬದಲಿಸಿತು. ಈ ಭರವಸೆ ಆ ಮುದ್ರೆಗೆ ಮಾತ್ರ ಸೇರಿದ್ದು. ಬೇರೆ ದೇಶದ ಮೊಟ್ಟೆಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ, ವಾರಕ್ಕೊಂದು ಮೊಟ್ಟೆಯ ಪಡಿತರವಿತ್ತು, ಆ ನಿಯಂತ್ರಣ ಮುಗಿದದ್ದು 1953ರಲ್ಲಿ. ವಾರವಿಡೀ ಒಂದೇ ಮೊಟ್ಟೆಗಾಗಿ ಕಾದಿದ್ದವರು ಅದನ್ನು ಎಷ್ಟು ನಿಮಿಷ ಬೇಯಿಸಬೇಕೆಂದು ಯೋಚಿಸದೆ ಇದ್ದಾರೆಯೇ? ವಿಟ್ಬಿಯ ಆ ಒಡತಿ ಆ ದಿನಗಳನ್ನು ಕಂಡ ವಯಸ್ಸಿನವರು.

ಬ್ರಿಟಿಷರ ತಿಂಡಿ ಎಂದೊಡನೆ ಹೆಚ್ಚಿನವರು ನೆನೆಯುವುದು ಫುಲ್ ಇಂಗ್ಲಿಷ್ ಎಂಬ ತುಂಬಿದ ತಟ್ಟೆಯನ್ನು: ಬೇಕನ್, ಸಾಸೇಜು, ಕರಿದ ಮೊಟ್ಟೆ, ಬೇಯಿಸಿದ ಬೀನ್ಸ್, ಟೊಮೆಟೊ, ಅಣಬೆ, ಕರಿದ ಬ್ರೆಡ್ಡು. ನಾನು ಅದನ್ನು ವರ್ಷಕ್ಕೆ ಎರಡು ಮೂರು ಸಲ ಸಂತೋಷದಿಂದ ತಿನ್ನುತ್ತೇನೆ. ಆದರೂ ಏಳೆಂಟು ಪದಾರ್ಥಗಳನ್ನು ಒಟ್ಟಿಗೇ ಬಿಸಿಯಾಗಿ ತಟ್ಟೆಗೆ ತರುವುದು ಬಹಳ ಕಷ್ಟದ ಕೆಲಸವಾದ್ದರಿಂದ, ಹೆಚ್ಚಿನ ಕಡೆ ಒಂದಲ್ಲ ಒಂದು ಪದಾರ್ಥ ಆರಿರುತ್ತದೆ. ಸ್ಕಾಟ್ಲೆಂಡಿನಲ್ಲಿ ಅದೇ ತಟ್ಟೆಗೆ ಆಲೂಗಡ್ಡೆಯ ತೆಳು ರೊಟ್ಟಿಯಂಥ ಟ್ಯಾಟಿ ಸ್ಕೋನ್ ಸೇರುತ್ತದೆ, ಉತ್ತರ ಐರ್ಲೆಂಡಿನಲ್ಲಿ ಸೋಡಾ ಬ್ರೆಡ್ಡು ಬರುತ್ತದೆ, ವೇಲ್ಸಿನಲ್ಲಿ ಕಡಲಪಾಚಿಯನ್ನು ಬೇಯಿಸಿ ಅರೆದ ಲೇವರ್‌ಬ್ರೆಡ್ ಇರುತ್ತದೆ. ಮ್ಯಾಂಚೆಸ್ಟರ್ ಬಳಿಯ ಬರಿ ಮತ್ತು ಸ್ಕಾಟ್ಲೆಂಡಿನ ಸ್ಟೋರ್ನೊವೇ ಊರುಗಳು ಹೆಸರಾಗಿರುವುದು ಪ್ರಾಣಿಯ ರಕ್ತಕ್ಕೆ ಧಾನ್ಯ ಸೇರಿಸಿ ಮಾಡುವ ಬ್ಲ್ಯಾಕ್ ಪುಡ್ಡಿಂಗಿಗೆ. ಕುರಿ ಕೊಯ್ದ ದಿನ ರಕ್ತವನ್ನು ಈರುಳ್ಳಿಯೊಂದಿಗೆ ಹುರಿದು ತಿನ್ನುವ ನಮ್ಮ ಹಳ್ಳಿಯ ಮನೆಗಳವರಿಗೆ ಇದು ಅಪರಿಚಿತವೆನಿಸದು.

ನನ್ನ ಆಸಕ್ತಿ ಒಂದೊಂದೇ ಪದಾರ್ಥವನ್ನು ಹದವರಿತು ಮಾಡುವ ತಿಂಡಿಗಳ ಕಡೆಗೆ ಹೆಚ್ಚು. ವಿಟ್ಬಿಯಲ್ಲೇ 1872ರಿಂದ ಕಿಪ್ಪರ್ ಮಾಡುತ್ತಿರುವ ಫಾರ್ಚೂನ್ಸ್ ಎಂಬ ಪುಟ್ಟ ಹೊಗೆಮನೆಯಿದೆ. ನೋಡಲು ನಮ್ಮ ಬೂತಾಯಿಯ ದೊಡ್ಡಣ್ಣನಂತಿರುವ ಹೆರಿಂಗ್ ಮೀನನ್ನು ಬೆನ್ನಿನ ಉದ್ದಕ್ಕೆ ಸೀಳಿ, ಪುಸ್ತಕದಂತೆ ಬಿಡಿಸಿ, ಉಪ್ಪುನೀರಿನಲ್ಲಿ ನೆನೆಸಿ, ಓಕ್ ಮರದ ಹೊಗೆಯಲ್ಲಿ ತೂಗುಹಾಕಿದರೆ ಕಿಪ್ಪರ್ ಸಿದ್ಧವಾಗುತ್ತದೆ. ಮನೆಯಲ್ಲಿ ಅದನ್ನು ಹುರಿದರೆ ವಾಸನೆ ಎರಡು ದಿನ ಹೋಗುವುದಿಲ್ಲ. ಅದಕ್ಕೆ ಹಳಬರು ಕಂಡುಕೊಂಡ ಉಪಾಯ, ಎತ್ತರದ ಜಗ್ಗಿನಲ್ಲಿ ಮೀನನ್ನು ನಿಲ್ಲಿಸಿ, ಬಾಲದವರೆಗೆ ಕುದಿಯುವ ನೀರು ಹೊಯ್ದು ಐದಾರು ನಿಮಿಷ ಮುಚ್ಚಿಡುವುದು. ನೀರಿನಿಂದ ತೆಗೆದು ಬೆಣ್ಣೆ ಹಾಕಿದರೆ ಮುಗಿಯಿತು. ಇನ್ನು ಕೆಡ್ಜೆರಿ ಎಂಬ ತಿಂಡಿಯ ಹೆಸರೇ ನಮ್ಮ ಕಿಚಡಿಯಿಂದ ಹೋದದ್ದು. ಭಾರತದಲ್ಲಿದ್ದ ಬ್ರಿಟಿಷರ ಮೂಲಕ ಇಲ್ಲಿಗೆ ಬಂದ ಅದು, ಬೇಳೆಯನ್ನು ಬಿಟ್ಟು ಹೊಗೆಯಾಡಿಸಿದ ಹ್ಯಾಡಕ್ ಮೀನನ್ನೂ ಬೆಂದ ಮೊಟ್ಟೆಯನ್ನೂ ಸೇರಿಸಿಕೊಂಡಿತು. ಕಿಚಡಿಯೆಂದು ಬಗೆದು ತಿಂದರೆ ನಿರಾಸೆಯಾಗುತ್ತದೆ, ಬೇರೆಯೇ ಒಂದು ಅನ್ನವೆಂದು ತಿಂದರೆ ಬಹಳ ಚೆನ್ನಾಗಿರುತ್ತದೆ.

ಸ್ಕಾಟ್ಲೆಂಡಿನ ಪಾರಿಜ್ ನನಗೆ ಇನ್ನೂ ಹತ್ತಿರದ್ದು. ಓಟ್ಸ್, ನೀರು, ಉಪ್ಪು, ಇಷ್ಟೇ ಅದರ ಸಾಮಗ್ರಿ. ಗಂಟಾಗದಂತೆ ಅದನ್ನು ತಿರುಗಿಸಲು ಸ್ಪರ್ಟಲ್ ಎಂಬ ಗುಂಡನೆಯ ಮರದ ಕೋಲನ್ನು ಬಳಸುತ್ತಾರೆ. ಅದನ್ನು ಮೊದಲ ಸಲ ಅಂಗಡಿಯಲ್ಲಿ ಕಂಡಾಗ ನನಗೆ ನಮ್ಮ ಮುದ್ದೆ ಕೋಲಿನ ಮರಿಯನ್ನು ಕಂಡಂತಾಯಿತು. ಹೈಲ್ಯಾಂಡ್ಸ್ ಪ್ರದೇಶದ ಕಾರ್‌ಬ್ರಿಜ್ ಎಂಬ ಹಳ್ಳಿಯಲ್ಲಿ 1994ರಿಂದ ಪಾರಿಜ್ ಮಾಡುವ ವಿಶ್ವ ಸ್ಪರ್ಧೆ ನಡೆಯುತ್ತಿದೆ; ಗೆದ್ದವರಿಗೆ ಕೊಡುವ ಬಹುಮಾನದ ಹೆಸರು ಗೋಲ್ಡನ್ ಸ್ಪರ್ಟಲ್. ಅಂಬಲಿ ಮಾಡಿದವರಿಗೆ ಗೊತ್ತು, ಹಿಟ್ಟು ಮತ್ತು ನೀರಿನಲ್ಲಿ ಏನನ್ನೂ ಮುಚ್ಚಿಡಲು ಆಗುವುದಿಲ್ಲ. ಉರಿ ಹೆಚ್ಚಾದದ್ದು, ಕೈ ನಿಂತದ್ದು ಎಲ್ಲವೂ ಬಾಯಿಗೆ ತಿಳಿಯುತ್ತದೆ.

ಟೋಸ್ಟಿನ ಮಾತು ಬಂದ ಮೇಲೆ ಮಾರ್ಮಲೇಡ್ ಎಂಬ ಕಿತ್ತಳೆ ಜಾಮನ್ನು ಬಿಡುವಂತಿಲ್ಲ. ಇದಕ್ಕೆ ಬೇಕಾದ ಕಹಿ ಕಿತ್ತಳೆ ಸ್ಪೇನಿನ ಸೆವಿಲ್ ಕಡೆಯಿಂದ ಜನವರಿ, ಫೆಬ್ರವರಿ ತಿಂಗಳಲ್ಲಿ ಕೆಲವೇ ವಾರ ಬರುತ್ತದೆ. ಹಾಗೇ ಸುಲಿದು ತಿನ್ನಲಾಗದಷ್ಟು ಕಹಿ, ಹುಳಿ. ನಮ್ಮ ಹೇರಳೆಕಾಯಿಯನ್ನು ಬಲ್ಲವರಿಗೆ ಅದರ ಸ್ವಭಾವ ತಕ್ಷಣ ಅರ್ಥವಾದೀತು. ನಾನು ಪ್ರತಿ ವರ್ಷ ಒಂದು ಕಿಲೋ ಹಣ್ಣಿಗೆ ಎರಡು ಕಿಲೋ ಸಕ್ಕರೆಯ ಲೆಕ್ಕದಲ್ಲಿ ಮಾಡುತ್ತೇನೆ. ರಸ ಹಿಂಡಿದ ಮೇಲೆ ಬೀಜ ಮತ್ತು ಒಳಗಿನ ತೊಗಟೆಯನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಸಣ್ಣಗೆ ಹೆಚ್ಚಿದ ಸಿಪ್ಪೆಯ ಜೊತೆ ನೀರಿನಲ್ಲಿ ಎರಡು ಗಂಟೆ ಬೇಯಿಸಬೇಕು. ಮಾರ್ಮಲೇಡನ್ನು ಗಟ್ಟಿಯಾಗಿಸುವ ಪೆಕ್ಟಿನ್ ಅಂಶ ಆ ಬೀಜ ಮತ್ತು ಒಳತೊಗಟೆಯಲ್ಲಿಯೇ ಹೆಚ್ಚಾಗಿ ಇರುವುದು, ಆದ್ದರಿಂದ ಗಂಟನ್ನು ಕೊನೆಗೆ ಚೆನ್ನಾಗಿ ಹಿಂಡಿ ಅದರ ಲೋಳೆಯನ್ನು ಪೂರ್ತಿ ಇಳಿಸಿಕೊಳ್ಳುತ್ತೇನೆ. ಸಿಪ್ಪೆ ಬೆರಳಿನಲ್ಲಿ ಒತ್ತಿದರೆ ಹಿಸುಕಿಹೋಗುವಷ್ಟು ಬೆಂದ ಮೇಲೆಯೇ ಸಕ್ಕರೆ ಹಾಕಬೇಕು. ಮೊದಲೇ ಹಾಕಿದರೆ ಅದು ಮತ್ತೆ ಮೆತ್ತಗಾಗದು. ಪಾಕ 104 ಡಿಗ್ರಿ ದಾಟಿದಾಗ ತಣ್ಣಗಿನ ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟು, ಆರಿದ ಮೇಲೆ ಬೆರಳಿನಿಂದ ತಳ್ಳಿದರೆ ಕೆನೆಯಂತೆ ಸುಕ್ಕುಗಟ್ಟಬೇಕು. ಎಳೆಪಾಕ ನೋಡಿ ಅಭ್ಯಾಸವಿರುವ ಕೈಗೆ ಇದು ಕಷ್ಟವಲ್ಲ. ಬೆಣ್ಣೆಯ ಉಪ್ಪು, ಸಿಪ್ಪೆಯ ಕಹಿ, ಪಾಕದ ಸಿಹಿ ಮೂರೂ ಗರಿಯಾದ ಟೋಸ್ಟಿನ ಮೇಲೆ ಕೂಡಿದಾಗ, ಈ ದೇಶದ ಅಡುಗೆ ಸಪ್ಪೆಯೆಂದು ಹೇಳುವವರು ಬೆಳಗಿನ ಹೊತ್ತು ಇಲ್ಲಿ ಯಾರ ಮನೆಯಲ್ಲೂ ಕೂತು ತಿಂದಿಲ್ಲವೆಂದು ನನಗೆ ಅನಿಸುತ್ತದೆ.

ಕಳೆದ ಬೇಸಿಗೆಯಲ್ಲಿ ಅಮ್ಮ ಸಕಲೇಶಪುರದಿಂದ ಬಂದು ಮೂರು ತಿಂಗಳು ನಮ್ಮೊಂದಿಗಿದ್ದಳು. ಮೊದಲ ಭಾನುವಾರ ಅವಳ ಮುಂದೆಯೂ ಒಂದು ಎಗ್ ಕಪ್ಪನ್ನಿಟ್ಟು, ಮೊಟ್ಟೆಯ ನೆತ್ತಿಯನ್ನು ನಾನೇ ತೆಗೆದುಕೊಟ್ಟೆ.

"ಇದೇನು ಮಗಾ, ಒಳಗೆಲ್ಲ ಹಸಿಯಾಗೇ ಇದೆಯಲ್ಲ?"

"ಇಲ್ಲಮ್ಮ, ಬಿಳಿ ಬೆಂದಿದೆ ನೋಡು. ಹಳದಿ ಹೀಗೇ ಇರಬೇಕು."

ಅವಳು ಕಪ್ಪನ್ನು ಎತ್ತಿ ತಿರುಗಿಸಿ ನೋಡಿ, "ಇದು ದೊರೆಗಳ ಬಟ್ಟಲು ಅಲ್ವಾ" ಎಂದಳು. ಹತ್ತೊಂಬತ್ತನೆಯ ಶತಮಾನದಿಂದ ಸಕಲೇಶಪುರದ ಸುತ್ತಲಿನ ಮಂಜರಾಬಾದ್ ಸೀಮೆಯಲ್ಲಿ ಕಾಫಿ ತೋಟ ಮಾಡಿದ್ದ ಬ್ರಿಟಿಷರನ್ನು ನಮ್ಮವರು ದೊರೆ ಎಂದೇ ಕರೆಯುತ್ತಿದ್ದರು. ಅಮ್ಮನ ಅಪ್ಪ ಹುಡುಗನಾಗಿದ್ದಾಗ ಅಂಥ ಒಂದು ತೋಟದ ಬಂಗಲೆಗೆ ಬೆಳಿಗ್ಗೆ ಹಾಲು, ಮೊಟ್ಟೆ ಕೊಟ್ಟು ಬರುತ್ತಿದ್ದರಂತೆ. ಅಡುಗೆಯವನು ಮೊಟ್ಟೆಯನ್ನು ನೀರಿಗೆ ಹಾಕಿದ ಮೇಲೆ ಗಡಿಯಾರದ ಮುಂದೆ ನಿಂತು ಯಾರೊಂದಿಗೂ ಮಾತಾಡುತ್ತಿರಲಿಲ್ಲ ಎಂಬುದನ್ನು ಅವರು ಮನೆಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರಂತೆ. ಅಷ್ಟು ವರ್ಷ ಆ ಮಾತನ್ನು ಕೇಳಿ ಬೆಳೆದಿದ್ದರೂ ಆ ಮೊಟ್ಟೆ ಹೇಗಿರುತ್ತದೆಂದು ಅವಳು ನೋಡಿರಲಿಲ್ಲ. ಒಂದು ಪಟ್ಟಿ ಅದ್ದಿದಳು, ಸ್ವಲ್ಪ ಸುಮ್ಮನಿದ್ದಳು, ಇನ್ನಷ್ಟು ಮೆಣಸು ಕೇಳಿದಳು. ಊರಿಗೆ ಹೊರಡುವಾಗ ಎಗ್ ಕಪ್ಪುಗಳಲ್ಲಿ ಒಂದನ್ನು ಸೀರೆಗಳ ನಡುವೆ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು.

ಹೋದ ವಾರ ಫೋನು ಮಾಡಿದ್ದಳು. ಫಾರಂ ಮೊಟ್ಟೆ ಬೇಡ, ಅಲ್ಲಿ ಸಿಂಹದ ಮುದ್ರೆಯಿಲ್ಲ, ಮನೆಯ ಕೋಳಿಯದೇ ಆದರೂ ಹಳದಿ ದಪ್ಪಗಾಗುವಷ್ಟು ಬೇಯಲಿ ಎಂದು ನಾನು ಹೇಳಿ ಕಳಿಸಿದ್ದೆ. ಅವಳು ತಾನೇ ನಾಲ್ಕು ದಿನ ಗಡಿಯಾರ ನೋಡಿ ಲೆಕ್ಕ ಹಿಡಿದಿದ್ದಾಳೆ: ಆ ಎತ್ತರದ ಊರಿನಲ್ಲಿ ಚಿಕ್ಕ ನಾಟಿ ಮೊಟ್ಟೆಗೆ ಆರೂವರೆ ನಿಮಿಷ, ಆಗ ಹಳದಿ ಹರಿಯುವುದಿಲ್ಲ, ಕಾಯಿಸಿದ ಬೆಲ್ಲದಂತೆ ನಿಲ್ಲುತ್ತದೆ. ಬ್ರೆಡ್ಡು ತರಿಸುವ ಗೋಜಿಗೆ ಹೋಗಿಲ್ಲ. ರಾತ್ರಿಯ ಅಕ್ಕಿರೊಟ್ಟಿಯನ್ನು ಕೆಂಡದ ಮೇಲೆ ಗರಿಯಾಗುವಷ್ಟು ಸುಟ್ಟು, ಬೆಣ್ಣೆ ಸವರಿ, ಬೆರಳಿನ ಅಗಲಕ್ಕೆ ಕತ್ತರಿಸಿಕೊಳ್ಳುತ್ತಾಳಂತೆ.